ಮನೇಲಿ ಅರ್ಧ, ಯೂನಿಟ್ಟಲ್ಲಿ ಅರ್ಧ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನ ಮೂರು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ. ಅವರ ಅಣ್ಣ 1999ರಲ್ಲಿ ಕಾರ್ಗಿಲ್ ಯುದ್ಧದಲ್ಲಿ ತೀರ್ಕೊಂಡ್ರು. ಆವತ್ತಿಂದ ಪ್ರತಿ ಜುಲೈನಲ್ಲಿ ಅಣ್ಣನ ಯೂನಿಟ್ಟಿನ ಮೂರು ಜನ, ಈಗ ಎಲ್ಲರೂ ರಿಟೈರ್ ಆದವರು, ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಇವರ ಮನೆಗೆ ಬರ್ತಾರೆ, ಉಣ್ತಾರೆ, ಹಳೇದೆಲ್ಲ ಮಾತಾಡ್ತಾರೆ. ತಾಯಿ ಅವರೆದುರು ನಗ್ತಾರೆ, ಅವರು ಹೋದ ರಾತ್ರಿ ಅಳ್ತಾರೆ. ತಾಯಿಗೆ 78 ವರ್ಷ, ಬಿಪಿ ಬೇರೆ. ಊರವರು ಈಗ ಬಸ್ ಸ್ಟ್ಯಾಂಡ್ ಹತ್ರ ಪುತ್ಥಳಿ ನಿಲ್ಲಿಸ್ತಿದ್ದಾರಂತೆ. "ಇನ್ನು ನೆನಪಿಗೆ ಅದೇ ಸಾಕಲ್ವಾ ಸರ್, ಇವರಿಗೆ ಬರೋದು ಬೇಡ ಅಂತ ಹೇಳಿಬಿಡ್ಲಾ, ಪ್ರತಿ ವರ್ಷ ಗಾಯ ಕೆರೆದಂಗಾಗುತ್ತೆ" ಅಂತ ಕೇಳಿದ್ದಾರೆ.

ದಯವಿಟ್ಟು ಹೇಳ್ಬೇಡಿ.

ಪುತ್ಥಳಿ ತಪ್ಪು ಅಂತ ನಾನು ಹೇಳ್ತಿಲ್ಲ. ಸ್ಕೂಲಿಗೆ ಹೋಗೋ ಮಕ್ಕಳು ದಾರೀಲಿ ಒಂದು ಹೆಸರು ಓದ್ಕೊಂಡು ಹೋಗ್ತಾರೆ, ಅದು ಒಳ್ಳೇದೇ. ಕಲ್ಲು ನಿಲ್ಸೋದು ನಮಗೇನು ಹೊಸದಲ್ಲ, ಬೆಂಗಳೂರು ಅನ್ನೋ ಹೆಸರು ನಮಗೆ ಮೊದಲು ಸಿಗೋದೇ ಬೇಗೂರಿನ ಒಂದು ವೀರಗಲ್ಲಲ್ಲಿ, ಸುಮಾರು 890ನೇ ಇಸವೀದು, ಅದೂ ಕಾಳಗದಲ್ಲಿ ಸತ್ತವನ ಸಲುವಾಗಿ ಕೆತ್ತಿದ್ದು. ಮಂಡ್ಯ ಜಿಲ್ಲೆ ಆತಕೂರಿನ ಕಲ್ಲು ಇನ್ನೂ ಚೆಂದ. ಮಣಲರ ಅನ್ನೋ ವೀರ ಯುದ್ಧದಲ್ಲಿ ಮೆರೆದಾಗ ಬೂತುಗ ರಾಜ ಏನು ಬೇಕೋ ಕೇಳು ಅಂತಾನೆ, ಇವನು ಕಾಳಿ ಅನ್ನೋ ಬೇಟೆನಾಯಿ ಕೊಡಿ ಅಂತಾನೆ. ಆ ನಾಯಿ ಹಂದಿ ಮೇಲೆ ಬಿದ್ದು ಕಾದಾಡಿ ಹಂದಿ ಜೊತೆಗೇ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸ್ತಾರೆ. ಆದ್ರೆ ಗಮನಿಸಿ, ಆ ಕಲ್ಲುಗಳಲ್ಲಿ ಸತ್ತವನು ಏನು ಮಾಡ್ತಾ ಸತ್ತ ಅಂತ ಕೆತ್ತಿರ್ತಾರೆ, ಯಾರ ಜೊತೆ ಕಾದಿದ, ಯಾವ ಊರಿನ ದನ ಬಿಡಿಸೋಕೆ ಹೋಗಿದ್ದ, ಎಲ್ಲ. ಕಂಡವರು ಹೇಳದೆ ಅದನ್ನ ಕೆತ್ತೋಕಾಗುತ್ತಾ? ಈಗ ನಾವು ನಿಲ್ಸೋ ಪುತ್ಥಳಿಗಳ ಕೆಳಗೆ ಏನಿರುತ್ತೆ ಹೇಳಿ. ಹುತಾತ್ಮರ ಹೆಸರು ಎರಡು ಸಾಲು, ಉದ್ಘಾಟನೆ ಮಾಡಿದವರ ಹೆಸರು ಹತ್ತು ಸಾಲು.

ನಿಮ್ಮಣ್ಣನ್ನ ನೀವು ಎಷ್ಟು ಬಲ್ಲಿರಿ? ಬೇಜಾರಾಗ್ಬೇಡಿ, ಕೇಳ್ಲೇಬೇಕು. ಹದಿನೆಂಟೋ ಹತ್ತೊಂಬತ್ತೋ ವಯಸ್ಸಿಗೆ ಭರ್ತಿಯಾಗಿ ಹೋದ ಹುಡುಗ, ಆಮೇಲೆ ವರ್ಷಕ್ಕೆ ಎರಡು ಮೂರು ತಿಂಗಳು ರಜೆಗೆ ಬಂದವನು. ರಜೇಲಿ ಬಂದವನು ನೆಂಟನ ಥರ, ಅಮ್ಮ ಮಾಡಿದ್ದು ಉಂಡು, ಚೆನ್ನಾಗಿದ್ದೀನಿ ಅಂತ ಹೇಳಿ ಹೋಗ್ತಾನೆ. ಭಯ ಆದಾಗ ಹೆಂಗಿರ್ತಿದ್ದ, ಚಳೀಲಿ ಯಾರಿಗೆ ಕಂಬಳಿ ಬಿಟ್ಟುಕೊಟ್ಟ, ರಾತ್ರಿ ಡ್ಯೂಟೀಲಿ ಯಾವ ಹಾಡು ಗುನುಗ್ತಿದ್ದ, ಇದೆಲ್ಲ ಗೊತ್ತಿರೋದು ಆ ಮೂರು ಜನಕ್ಕೆ. ಅವನು ಚಿಕ್ಕೋನಿದ್ದಾಗ ಹೆಂಗಿದ್ದ ಅನ್ನೋದು ನಿಮ್ಮ ತಾಯಿಗೆ ಮಾತ್ರ ಗೊತ್ತು. ಅರ್ಧ ಮನುಷ್ಯ ಇವರ ಹತ್ರ, ಅರ್ಧ ಅವರ ಹತ್ರ. ವರ್ಷಕ್ಕೊಂದು ದಿನ ಒಂದೇ ಜಗುಲಿ ಮೇಲೆ ಕೂತಾಗ ನಿಮ್ಮಣ್ಣ ಪೂರ್ತಿ ಆಗ್ತಾನೆ.

ತುಂಬಾ ಹಿಂದೆ, 1971ರ ಯುದ್ಧದಲ್ಲಿ ಗಂಡನ್ನ ಕಳ್ಕೊಂಡ ಒಬ್ಬ ಅಜ್ಜಿ ಮನೇಲಿ ಕೂತಿದ್ದೆ. ಮದುವೆ ಆದ್ಮೇಲೆ ಇಬ್ಬರೂ ಒಟ್ಟಿಗಿದ್ದದ್ದು ಎರಡು ರಜೆ ಅಷ್ಟೆ. ನಿಮ್ಮ ಯಜಮಾನ್ರು ಹೆಂಗಿದ್ರು ಅಂತ ಕೇಳಿದ್ದಕ್ಕೆ "ಏನ್ ಹೇಳ್ಲಪ್ಪ, ಆಗೆಲ್ಲ ನಂಗೆ ಮಾತಾಡೋಕೆ ನಾಚಿಕೆ" ಅಂದ್ರು. ಆಮೇಲೆ ಒಳಗಿಂದ ಕಪ್ಪು ಟ್ರಂಕ್ ಎಳ್ಕೊಂಡು ಬಂದ್ರು, ಮುಚ್ಚಳದ ಮೇಲೆ ಬಿಳಿ ಪೇಂಟಲ್ಲಿ ನಂಬರು, ಹೆಸರು. ಅದರೊಳಗೊಂದು ಬಟ್ಟೆ ಪೊಟ್ಟಣ, ಪೊಟ್ಟಣದಲ್ಲಿ ಎರಡು ಸೂಜಿ, ಖಾಕಿ ದಾರ, ಏಳೆಂಟು ಗುಂಡಿ. ಎಷ್ಟೋ ವರ್ಷ ಆದ್ಮೇಲೆ ಹುಡುಕ್ಕೊಂಡು ಬಂದ ಒಬ್ಬ ಹವಾಲ್ದಾರ್ರು ಹೇಳಿದ್ರಂತೆ, ನಮ್ಮ ಸೆಕ್ಷನ್ನಲ್ಲಿ ಎಲ್ಲರ ಗುಂಡಿ ಹೊಲ್ದು ಕೊಡ್ತಿದ್ದೋನು ಅವನೇ ಅಮ್ಮಾ ಅಂತ. "ಅಲ್ಲೀತನಕ ಈ ಸೂಜಿ ಯಾಕಿದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ" ಅಂದ್ರು ಅಜ್ಜಿ. ತುಕ್ಕು ಹಿಡೀಬಾರ್ದು ಅಂತ ಆ ಸೂಜಿಗೆ ಎಣ್ಣೆ ಸವರಿ ಇಟ್ಟಿದ್ರು.

ಕಂಡವರು ಬಾಯಿ ಬಿಡದಿದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನೇ ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋದವರು ವಾಪಸ್ ಬರ್ಲಿಲ್ಲ. ಇಲ್ಲಿ ದಾಖಲೆಯಲ್ಲಿ ಕಾಣೆಯಾದವರು, ಅಷ್ಟೇ. ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನದ ಎದುರು ಹಳೇ ಮಿಸ್ಟೇರ್ ವಿಮಾನ ಇಟ್ಕೊಂಡು ತಿರುಗಿಬಿದ್ದು ಅದನ್ನ ಉರುಳಿಸಿಯೇ ಸತ್ರು ಅನ್ನೋದು ಲೋಕಕ್ಕೆ ಗೊತ್ತಾದದ್ದು 1979ರಲ್ಲಿ, ಒಬ್ಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯ ಸಂಗತಿ ಕೆದಕಿ ಬರೆದಾಗ. ಆ ಸ್ಟಾರ್‌ಫೈಟರ್ ಪೈಲಟ್ ಪ್ಯಾರಾಶೂಟಲ್ಲಿ ಜಿಗಿದು ಬದುಕಿದ್ದ, ನಡೆದದ್ದನ್ನ ಬಲ್ಲವನು ಅವನೊಬ್ಬ. ಆಮೇಲೆ ಇಲ್ಲಿನ ವಾಯುಪಡೆಯವರು ಪಟ್ಟು ಹಿಡಿದು, 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಆ ಮನೆಯವರು 23 ವರ್ಷ ಕಾದ್ರು.

ಅರುಣ್ ಖೇತ್ರಪಾಲ್ ಅವರ ತಂದೆಯ ವಿಷ್ಯವೂ ನಿಮಗೆ ಗೊತ್ತಿರಬಹುದು. ಮಗ 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ, 21ನೇ ವಯಸ್ಸಲ್ಲಿ, ಟ್ಯಾಂಕ್ ಬಿಟ್ಟು ಇಳಿಯಲ್ಲ ಅಂತ ಹೋರಾಡಿ ಸತ್ತು ಪರಮವೀರ ಚಕ್ರ ಪಡೆದವನು. ಮೂವತ್ತು ವರ್ಷ ಆದ್ಮೇಲೆ, 81 ವರ್ಷದ ತಂದೆ ಪಾಕಿಸ್ತಾನಕ್ಕೆ ಹೋದಾಗ ಆತಿಥ್ಯ ಮಾಡಿದ ಬ್ರಿಗೇಡಿಯರ್ರೇ ಕೊನೇ ರಾತ್ರಿ ಕೂತು, ನಿಮ್ಮ ಮಗ ಸತ್ತದ್ದು ನನ್ನ ಕೈಯಲ್ಲಿ ಅಂತ ಒಪ್ಕೊಂಡ್ರು. ಆ ತಂದೆ ಎದ್ದು ಹೋಗ್ಲಿಲ್ಲ, ಕೇಳಿಸ್ಕೊಂಡ್ರು. ಮಗನ ಕೊನೇ ಗಳಿಗೆ ಬಗ್ಗೆ ಶತ್ರು ಹೇಳಿದ್ರೂ ಹೆತ್ತವರಿಗೆ ಬೇಕು ಸ್ವಾಮಿ. ನಿಮ್ಮ ಮನೆಗೆ ಬರ್ತಿರೋದು ಅಣ್ಣನ ಪಕ್ಕ ಮಲಗೆದ್ದವರು.

ಇನ್ನು ನಮ್ಮ ಸಮಾಜ. ಸ್ವಾತಂತ್ರ್ಯ ಬಂದ್ಮೇಲೆ ಸತ್ತ ಸೈನಿಕರ ಹೆಸರನ್ನೆಲ್ಲ ಕೆತ್ತಿರೋ ರಾಷ್ಟ್ರೀಯ ಯುದ್ಧ ಸ್ಮಾರಕ ದೆಹಲೀಲಿ ಆದದ್ದು 2019ರಲ್ಲಿ. 25 ಸಾವಿರಕ್ಕೂ ಹೆಚ್ಚು ಹೆಸರಿಗೆ 72 ವರ್ಷ ಕಾಯ್ಬೇಕಾಯ್ತು. ಊರೂರಲ್ಲಿ ಮೂರು ದಿನ ಫ್ಲೆಕ್ಸ್ ಕಟ್ತಾರೆ, ನಾಲ್ಕನೇ ದಿನ ಅದು ಯಾರದೋ ಕೊಟ್ಟಿಗೆಗೆ ಹೊದಿಕೆ. ಹುತಾತ್ಮನ ತಾಯಿನ ಕರೆಸಿ ಎರಡು ಗಂಟೆ ಬಿಸಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ, ಶಾಲು ಹೊದಿಸೋ ಹೊತ್ತಿಗೆ ಫೋಟೋ ಹೊಡ್ಕೊಂಡು ಕಳಿಸ್ತಾರೆ, ಆಮೇಲೆ ಅದೇ ತಾಯಿ ಪಿಂಚಣಿ ಕಾಗದದಲ್ಲಿ ಒಂದಕ್ಷರ ತಪ್ಪಾಯ್ತು ಅಂತ ಕಿಟಕಿಯಿಂದ ಕಿಟಕಿಗೆ ಅಲೀತಾಳೆ. ನಮ್ಮ ಪತ್ರಿಕೆಯವರೂ ಕಡಿಮೆ ಏನಲ್ಲ. ಪೆಟ್ಟಿಗೆ ಊರಿಗೆ ಬಂದ ದಿನವೇ ಮೈಕ್ ಹಿಡಿದು ಹೆಂಗನ್ನಿಸ್ತಿದೆ ಅಮ್ಮಾ ಅಂತ ಕೇಳ್ತೀವಿ, ಮಾರನೇ ವರ್ಷ ಆ ದಾರೀಲಿ ಹೋಗಲ್ಲ. ಇಷ್ಟು ವರ್ಷ ಯಾರೂ ಕರೀದೆ, ಯಾರೂ ಬಸ್ ಚಾರ್ಜ್ ಕೊಡದೆ ಬಂದವರು ಅಂದ್ರೆ ಆ ಮೂರು ಜನ.

ಈಗ ಸ್ವಲ್ಪ ಬೈತೀನಿ. ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲಿದೆ, "ಅವರು ಬಂದಾಗ ನಾನು ತೋಟಕ್ಕೆ ಹೋಗಿಬಿಡ್ತೀನಿ" ಅಂತ. ಅಳು ತಡೆಯೋಕಾಗದೆ ಇರೋದು ತಾಯಿಗಲ್ಲ, ನಿಮಗೆ ಅಂತ ನಂಗೆ ಅನ್ನಿಸ್ತು. ತಾಯಿ ಬಿಪಿಗೆ ಡಾಕ್ಟರನ್ನ ಕೇಳಿ, ಆದ್ರೆ ಆ ಒಂದು ದಿನಕ್ಕೋಸ್ಕರ ಅವರು ಒಂದು ವಾರ ಮೊದಲೇ ಅಣ್ಣನ ಸ್ಟೀಲ್ ತಟ್ಟೆ ತೊಳೆದಿಡ್ತಾರೆ ಅಂತ ಬರೆದಿದ್ದೂ ನೀವೇ. ವರ್ಷಕ್ಕೊಂದು ರಾತ್ರಿ ಮಗನಿಗಾಗಿ ಅತ್ರೆ ಅಳ್ಲಿ ಬಿಡಿ.

ಈ ಜುಲೈನಲ್ಲಿ ತೋಟಕ್ಕೆ ಹೋಗ್ಬೇಡಿ. ಫೋನಲ್ಲಿ ರೆಕಾರ್ಡ್ ಹಾಕಿ ಜಗುಲಿ ಮೇಲೆ ಇಡಿ, ಆಗಲೇ ಕೇಳಿದ ಕತೆ ಆದ್ರೂ ಪರ್ವಾಗಿಲ್ಲ, ಹೇಳಿಸಿ. ಅವರೂ ಐವತ್ತು ದಾಟಿದ್ದಾರೆ. ಮೂವರಲ್ಲಿ ಒಬ್ಬರು ಏನೂ ಮಾತಾಡಲ್ಲ, ಉಂಡು ಕೈ ತೊಳ್ಕೊಂಡು ಅಣ್ಣನ ಫೋಟೋ ನೋಡ್ತಾ ಕೂರ್ತಾರೆ ಅಂದಿದ್ದೀರಲ್ಲ, ಅವರನ್ನ ಈ ಸಲ ಬಸ್ ಸ್ಟ್ಯಾಂಡ್ ತನಕ ನೀವೇ ಬಿಟ್ಟು ಬನ್ನಿ. ಗಾಡೀಲಿ ಬೇಡ, ನಡ್ಕೊಂಡು ಹೋಗಿ.