ಅಂಗ್ಕೋರ್, ಮಿ ಸೋನ್, ಬೊರೊಬುದೂರ್: ಒಂದು ತಿಂಗಳ ಪ್ರವಾಸಕ್ಕೆ ವಿಮಾನವೇ, ರೈಲೇ, ಬಸ್ಸೇ?

ಸಿಂಧನೂರಿನಿಂದ ನೀವು ಕೇಳಿರುವುದು ಇಷ್ಟು. ಬರುವ ಜನವರಿಯಲ್ಲಿ ನೀವು, ನಿಮ್ಮ ಪತ್ನಿ ಮತ್ತು ಅರವತ್ತಾರು ವರ್ಷದ ನಿಮ್ಮ ತಾಯಿಯವರು ಮೂವತ್ತು ದಿನಗಳ ಮಟ್ಟಿಗೆ ಆಗ್ನೇಯ ಏಷ್ಯಾದ ಹಳೆಯ ದೇಗುಲಗಳನ್ನು ನೋಡಲು ಹೊರಟಿದ್ದೀರಿ. ಹನೋಯ್, ಹಾ ಲಾಂಗ್, ಹ್ಯೂ, ಡಾ ನಾಂಗ್, ಹೋ ಚಿ ಮಿನ್ ನಗರ, ನೋಮ್ ಪೆನ್, ಸಿಯೆಮ್ ರೀಪ್, ಬ್ಯಾಂಕಾಕ್, ಬಾಲಿ, ಯೋಗ್ಯಕರ್ತಾ ಎಂದು ಹತ್ತು ಊರುಗಳ ಪಟ್ಟಿ ಮಾಡಿದ್ದೀರಿ. ಎಲ್ಲ ಕಡೆಯೂ ವಿಮಾನ ಹಿಡಿದರೆ ಸಮಯ ಉಳಿಯುತ್ತದೆಯೇ, ಅಥವಾ ತಾಯಿಯವರನ್ನು ಕರೆದುಕೊಂಡು ಬಸ್ಸು, ರೈಲುಗಳಲ್ಲಿ ಹೋಗಬಹುದೇ ಎಂಬುದು ನಿಮ್ಮ ಪ್ರಶ್ನೆ.

ಮೂರು ಕಡೆ ವಿಮಾನ ಸಾಕು, ಉಳಿದದ್ದು ನೆಲದ ಮೇಲೆಯೇ ಆಗಲಿ. ಪಟ್ಟಿಯಿಂದ ಹಾ ಲಾಂಗ್ ಮತ್ತು ಬಾಲಿಯನ್ನು ತೆಗೆದುಬಿಡಿ. ಏಕೆಂದು ವಿವರಿಸುತ್ತೇನೆ.

ನಾನು ಗಂಗಾವತಿಯವಳು, ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾದೆ. 2024ರಲ್ಲಿ ಸಂಕ್ರಾಂತಿ ಮುಗಿಸಿಕೊಂಡು ನಾನು, ನಮ್ಮ ಯಜಮಾನರು ಮತ್ತು ಆನೆಗೊಂದಿಯಲ್ಲಿರುವ ನನ್ನ ಅಕ್ಕ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಇಪ್ಪತ್ತೇಳು ದಿನ ತಿರುಗಿ ಬಂದೆವು. ಅಕ್ಕನಿಗೆ ಆಗ ಅರವತ್ತೆಂಟು ವರ್ಷ, ಎರಡೂ ಮೊಣಕಾಲಿನಲ್ಲಿ ನೋವು. ಆದ್ದರಿಂದ ನಿಮ್ಮ ತಾಯಿಯವರ ಚಿಂತೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೂವತ್ತು ವರ್ಷ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿ ನಾನು ಕಲಿತ ಪಾಠ ಒಂದಿದೆ. ಬೆಳಿಗ್ಗೆ ಆರೂವರೆಗೆ ಹೇಮಕೂಟದ ಬಂಡೆ ತಣ್ಣಗಿರುತ್ತದೆ. ಹನ್ನೊಂದಕ್ಕೆ ಅದೇ ಬಂಡೆಯ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಉಬ್ಬುಶಿಲ್ಪದ ಮೂಗು, ಬೆರಳು, ಬಟ್ಟೆಯ ಮಡಿಕೆ ಎಲ್ಲ ಎದ್ದು ಕಾಣುತ್ತವೆ. ನಡುಹಗಲಿನಲ್ಲಿ ಅವೇ ಶಿಲ್ಪಗಳು ಗೋಡೆಯೊಳಗೆ ಇಂಗಿಹೋದಂತೆ ಸಪ್ಪಗಾಗುತ್ತವೆ. ಸಿಯೆಮ್ ರೀಪ್ ಪಕ್ಕದ ಅಂಗ್ಕೋರಿನ ದೇಗುಲಗಳಲ್ಲಿಯೂ ಹೀಗೆಯೇ. ದೇಗುಲ ನೋಡುವವರ ಕೈಯಲ್ಲಿರುವ ನಿಜವಾದ ಬಂಡವಾಳ ಬೆಳಗಿನ ಹೊತ್ತು. ಮೂವತ್ತು ದಿನವೆಂದರೆ ಮೂವತ್ತು ಬೆಳಗು. ಊರಿಂದ ಊರಿಗೆ ಹೋಗುವ ವಾಹನವನ್ನು ಆರಿಸುವಾಗ ನಾನು ಒಂದೇ ಪ್ರಶ್ನೆ ಕೇಳಿಕೊಂಡೆ: ಇದು ನನ್ನ ಬೆಳಗನ್ನು ತಿನ್ನುತ್ತದೆಯೋ, ಉಳಿಸುತ್ತದೆಯೋ?

ನಿಮ್ಮ ಪಟ್ಟಿಯ ನೋಮ್ ಪೆನ್–ಸಿಯೆಮ್ ರೀಪ್ ಹಂತವನ್ನೇ ನೋಡಿ. ಆಕಾಶದಲ್ಲಿ ಇರುವುದು ಒಂದು ಗಂಟೆಗೂ ಕಡಿಮೆ. ಆದರೆ 2023ರ ಅಕ್ಟೋಬರ್‌ನಲ್ಲಿ ತೆರೆದ ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ ಊರಿನಿಂದ ನಲವತ್ತು ಕಿ.ಮೀ.ಗಿಂತ ದೂರದಲ್ಲಿದೆ. ನೋಮ್ ಪೆನ್‌ಗೂ 2025ರ ಸೆಪ್ಟೆಂಬರ್‌ನಲ್ಲಿ ಊರಾಚೆ ಹೊಸ ನಿಲ್ದಾಣ ಬಂತು. ಹೋಟೆಲಿನಿಂದ ನಿಲ್ದಾಣಕ್ಕೆ ಒಂದು ಗಂಟೆ, ಅಲ್ಲಿ ಎರಡು ಗಂಟೆ ಮೊದಲೇ ಹಾಜರಿ, ಹಾರಾಟ, ಸಾಮಾನಿಗಾಗಿ ಕಾಯುವುದು, ಮತ್ತೆ ಒಂದು ಗಂಟೆ ಕಾರು. ಕೂಡಿಸಿದರೆ ಐದು ಗಂಟೆ ದಾಟುತ್ತದೆ. ಬಸ್ಸು ಸುಮಾರು 315 ಕಿ.ಮೀ. ದೂರವನ್ನು ಆರು ಗಂಟೆಯಲ್ಲಿ ಮುಟ್ಟಿಸುತ್ತದೆ, ಊರೊಳಗೇ ಹತ್ತಿಸಿಕೊಂಡು ಊರೊಳಗೇ ಇಳಿಸುತ್ತದೆ. ನಾವು ಬೆಳಿಗ್ಗೆ ನೋಮ್ ಪೆನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಾಂಬೋಡಿಯದ ಹಳೆಯ ಖ್ಮೇರ್ ಶಿಲ್ಪಗಳನ್ನು ನೋಡಿ, ಊಟ ಮಾಡಿ, ಹನ್ನೆರಡೂವರೆಯ ಬಸ್ಸು ಹಿಡಿದೆವು. ಹೊರಗೆ ಕುದಿಯುವ ಹೊತ್ತಿನಲ್ಲಿ ಒಳಗೆ ಎ.ಸಿ.ಯಲ್ಲಿ ಅಕ್ಕ ಕಾಲು ಚಾಚಿ ಮಲಗಿದ್ದಳು. ಕಿಟಕಿಯಾಚೆ ಭತ್ತದ ಗದ್ದೆ, ತಾಳೆಮರ, ಮತ್ತೆ ಭತ್ತದ ಗದ್ದೆ. ಭತ್ತದ ನಾಡಿನವರಾದ ನಿಮಗೂ ನಮಗೂ ಅದು ಬೇಸರ ತರುವ ನೋಟವಲ್ಲ.

ವಿಯೆಟ್ನಾಮ್‌ನಲ್ಲಿ ರೈಲನ್ನು ನಂಬಬಹುದು. ಹನೋಯ್‌ನಿಂದ ಹೋ ಚಿ ಮಿನ್ ನಗರದವರೆಗೆ 1,726 ಕಿ.ಮೀ. ಉದ್ದದ ಮೀಟರ್ ಗೇಜ್ ಹಳಿ ಇದೆ. ನಮ್ಮ ಹೊಸಪೇಟೆ–ಕೊಪ್ಪಳ–ಗದಗ ಮಾರ್ಗವೂ ಒಂದು ಕಾಲಕ್ಕೆ ಮೀಟರ್ ಗೇಜ್ ಆಗಿತ್ತಲ್ಲ, ಆ ತೂಗಾಟ ನೆನಪಿದ್ದವರಿಗೆ ಇದು ಹಳೆಯ ಪರಿಚಯ. ಹನೋಯ್‌ನಿಂದ ಹ್ಯೂಗೆ 688 ಕಿ.ಮೀ.; ಸಂಜೆ ಹತ್ತಿದರೆ ಮರುದಿನ ಬೆಳಿಗ್ಗೆ ಇಳಿಯಬಹುದು. ನಾಲ್ಕು ಬರ್ತ್‌ಗಳ ಕೋಣೆಯನ್ನೇ ತೆಗೆದುಕೊಳ್ಳಿ, ತಾಯಿಯವರಿಗೆ ಕೆಳಗಿನ ಬರ್ತ್ ಬೇಕೆಂದು ಮೊದಲೇ ಆರಿಸಿ. ಆರು ಬರ್ತ್‌ಗಳ ಕೋಣೆಯಲ್ಲಿ ನೆಟ್ಟಗೆ ಕೂರಲೂ ಜಾಗವಿಲ್ಲ. ಅಲ್ಲಿನ ಸ್ಲೀಪರ್ ಬಸ್ಸುಗಳು ಅಗ್ಗ, ಆದರೆ ಚಪ್ಪಲಿ ಕಳಚಿ, ಕಿರಿದಾದ ಓಣಿಯಲ್ಲಿ ನಡೆದು, ಸಣ್ಣ ಏಣಿ ಹತ್ತಿ, ಕಾಲನ್ನು ಒಂದು ಗೂಡಿನೊಳಗೆ ತೂರಿಸಬೇಕು. ಮೊಣಕಾಲು ನೋವಿನವರಿಗೆ ಅದು ಶಿಕ್ಷೆ.

ಹ್ಯೂನಿಂದ ಡಾ ನಾಂಗ್‌ಗೆ ಸುಮಾರು ನೂರು ಕಿ.ಮೀ., ರೈಲಿನಲ್ಲಿ ಎರಡೂವರೆ, ಮೂರು ಗಂಟೆ. ಕಾರಿನಲ್ಲಿ ಸುರಂಗದ ಮೂಲಕ ಬೇಗ ಹೋಗಬಹುದು. ಆದರೂ ಮಧ್ಯಾಹ್ನದ ರೈಲಿನಲ್ಲಿಯೇ, ಎಡಗಡೆಯ ಕಿಟಕಿಯಲ್ಲಿಯೇ ಕೂರಿ. ಹೈ ವಾನ್ ಕಣಿವೆಯಲ್ಲಿ ರೈಲು ಬೆಟ್ಟದ ಸೊಂಟಕ್ಕೆ ಆತುಕೊಂಡು ಸಾಗುತ್ತದೆ, ಕೆಳಗೆ ನೇರವಾಗಿ ಕಡಲು. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ಮೂರು ಗಂಟೆ ಇಡೀ ಪ್ರವಾಸದ ಅತ್ಯಂತ ಸುಂದರ ಪ್ರಯಾಣ.

ಡಾ ನಾಂಗ್‌ನಿಂದ ಮಿ ಸೋನ್ ಸುಮಾರು 70 ಕಿ.ಮೀ., ಹೋಯ್ ಆನ್‌ನಿಂದ 40. ಆದ್ದರಿಂದ ಹೋಯ್ ಆನ್‌ನಲ್ಲಿ ಉಳಿದು, ಕಾರು ಮಾಡಿಕೊಂಡು ನಸುಕಿನಲ್ಲಿ ಹೊರಡಿ. ಈ ಸೀಮೆಯನ್ನು ಹಿಂದೆ ಆಳಿದ ಚಂಪಾ ರಾಜ್ಯದ ಅರಸರು ನಾಲ್ಕನೆಯ ಶತಮಾನದಿಂದ ಶಿವನಿಗೆ ಗುಡಿ ಕಟ್ಟುತ್ತ ಬಂದ ಕಣಿವೆ ಮಿ ಸೋನ್. 1969ರಲ್ಲಿ ಅಮೆರಿಕದ ಬಾಂಬುಗಳಿಗೆ ಅಲ್ಲಿನ ದೊಡ್ಡ ಗೋಪುರವೇ ಉರುಳಿತು. ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ಅಲ್ಲಿ ದುರಸ್ತಿ ಮಾಡುತ್ತಿದ್ದಾಗ, 2020ರಲ್ಲಿ, ಒಂಬತ್ತನೆಯ ಶತಮಾನದ ಏಕಶಿಲೆಯ ಶಿವಲಿಂಗ ಮಣ್ಣಿನಡಿಯಿಂದ ಸಿಕ್ಕಿತು. ಅದರ ಮುಂದೆ ನಿಂತಾಗ ಅಕ್ಕ ತನ್ನಷ್ಟಕ್ಕೆ ಕೈಮುಗಿದಳು.

ಇಲ್ಲಿಂದ ಹೋ ಚಿ ಮಿನ್ ನಗರಕ್ಕೆ ಮಾತ್ರ ವಿಮಾನ ಹಿಡಿಯಿರಿ. ರೈಲಿಗೆ ಹದಿನಾರು, ಹದಿನೇಳು ಗಂಟೆ ಬೇಕು. ಡಾ ನಾಂಗ್‌ನ ವಿಮಾನ ನಿಲ್ದಾಣವಂತೂ ಊರ ನಡುವೆಯೇ ಇದ್ದಂತಿದೆ, ಹಾರಾಟ ಒಂದೂಕಾಲು ಗಂಟೆ ಚಿಲ್ಲರೆ. ಮಧ್ಯಾಹ್ನ ಎರಡರ ನಂತರದ ವಿಮಾನ ಆರಿಸಿಕೊಂಡರೆ ಡಾ ನಾಂಗ್‌ನಲ್ಲಿ ಚಂಪಾ ಶಿಲ್ಪಗಳಿರುವ ಚಾಮ್ ವಸ್ತುಸಂಗ್ರಹಾಲಯಕ್ಕೆ ಒಂದು ಬೆಳಗು ಸಿಗುತ್ತದೆ. ಅದನ್ನು ತಪ್ಪಿಸಬೇಡಿ, ಮಿ ಸೋನ್‌ನ ಗುಡಿಗಳಲ್ಲಿ ಇರಬೇಕಾಗಿದ್ದ ವಿಗ್ರಹಗಳು ಇಲ್ಲಿವೆ.

ಹೋ ಚಿ ಮಿನ್ ನಗರದಿಂದ ನೋಮ್ ಪೆನ್‌ಗೆ ಬಸ್ಸಿನಲ್ಲಿ ಗಡಿಯ ತಪಾಸಣೆಯೂ ಸೇರಿ ಆರೇಳು ಗಂಟೆ. ಮೊಕ್ ಬಾಯ್–ಬಾವೆತ್ ಎಂಬಲ್ಲಿ ಇಳಿದು ಎರಡೂ ದೇಶದ ಮುದ್ರೆ ಹಾಕಿಸಿಕೊಳ್ಳಬೇಕು. ವಿಯೆಟ್ನಾಮ್‌ನ ಇ-ವೀಸಾ ಅರ್ಜಿಯಲ್ಲಿ ಯಾವ ದ್ವಾರದಿಂದ ಒಳಗೆ, ಯಾವ ದ್ವಾರದಿಂದ ಹೊರಗೆ ಎಂದು ಕೇಳುತ್ತಾರೆ. ಹೊರಹೋಗುವ ಜಾಗಕ್ಕೆ ಮೊಕ್ ಬಾಯ್ ಎಂದೇ ತುಂಬಿ. ಒಂದು ಬಾರಿಯ ಪ್ರವೇಶಕ್ಕೆ 25 ಡಾಲರ್. ಕಾಂಬೋಡಿಯದ ವೀಸಾವನ್ನೂ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿಟ್ಟುಕೊಂಡರೆ ಗಡಿಯಲ್ಲಿ ತಾಯಿಯವರು ನಿಂತು ಕಾಯುವುದು ತಪ್ಪುತ್ತದೆ. ಆ ದೇಶದಲ್ಲಿ ಅಂಗಡಿ, ಹೋಟೆಲು, ಆಟೊ ಎಲ್ಲ ಕಡೆ ಡಾಲರ್ ನಡೆಯುತ್ತದೆ. ಹರಿಯದ, ಗೀಚು ಬೀಳದ ಸಣ್ಣ ನೋಟುಗಳನ್ನು ಇಟ್ಟುಕೊಂಡಿರಿ.

ಸಿಯೆಮ್ ರೀಪ್‌ನಲ್ಲಿ ಎರಡು ರಾತ್ರಿ ಎಂದು ಬರೆದಿದ್ದೀರಿ. ದಯವಿಟ್ಟು ಏಳು ಮಾಡಿ. ಹಾ ಲಾಂಗ್, ಬಾಲಿ ಬಿಡಿ ಎಂದದ್ದು ಈ ಏಳು ರಾತ್ರಿಗಾಗಿಯೇ. ಅಂಗ್ಕೋರ್ ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಏಳು ದಿನದ ಟಿಕೆಟನ್ನು ಒಂದು ತಿಂಗಳೊಳಗೆ ಯಾವ ಏಳು ದಿನಗಳಲ್ಲಾದರೂ ಬಳಸಬಹುದು. ಹತ್ತೇ ಡಾಲರ್ ಹೆಚ್ಚು ಕೊಟ್ಟರೆ ಒಂದು ದಿನ ನೋಡಿ, ಒಂದು ದಿನ ವಿಶ್ರಾಂತಿ ಪಡೆಯುವ ಅನುಕೂಲ ತಾಯಿಯವರಿಗೆ ಸಿಗುತ್ತದೆ. ಒಬ್ಬನೇ ಟುಕ್‌ಟುಕ್ ಚಾಲಕನನ್ನು ಎಲ್ಲ ದಿನಕ್ಕೂ ಗೊತ್ತುಮಾಡಿಕೊಳ್ಳಿ. ನಮ್ಮ ಚಾಲಕ ಎರಡನೆಯ ದಿನಕ್ಕೇ ಅಕ್ಕನ ನಡಿಗೆ ನೋಡಿ ಮೆಟ್ಟಿಲು ಕಡಿಮೆ ಇರುವ ಬಾಗಿಲಿನ ಹತ್ತಿರವೇ ಇಳಿಸತೊಡಗಿದ್ದ.

ಅಂಗ್ಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದ ದೇಗುಲ. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮ ವಿಷ್ಣುವಿಗೆಂದು ಕಟ್ಟಿಸಿದ್ದು. ಕುರುಕ್ಷೇತ್ರ ಮತ್ತು ಲಂಕೆಯ ಯುದ್ಧದ ಉಬ್ಬುಶಿಲ್ಪಗಳು ಪಶ್ಚಿಮದ ಮೊಗಸಾಲೆಯಲ್ಲಿವೆ. ಅವನ್ನು ಸಂಜೆ ನಾಲ್ಕರ ಬೆಳಕಿನಲ್ಲಿ ನೋಡಿ. ನನ್ನ ಬೆಳಗಿನ ನಿಯಮಕ್ಕೆ ಇದೊಂದೇ ಅಪವಾದ. ಸಮುದ್ರಮಥನ ಪೂರ್ವದಲ್ಲಿದೆ, ಅದಕ್ಕೆ ಬೆಳಗೇ ಆಗಬೇಕು: ಸುಮಾರು 49 ಮೀಟರ್ ಉದ್ದದ ಗೋಡೆಯಲ್ಲಿ 92 ಅಸುರರು ಒಂದು ಕಡೆ, 88 ದೇವತೆಗಳು ಇನ್ನೊಂದು ಕಡೆ ವಾಸುಕಿಯನ್ನು ಹಿಡಿದು ಎಳೆಯುತ್ತಿದ್ದಾರೆ. ಈ ಮೊಗಸಾಲೆಗಳನ್ನು ನೋಡಲು ಮೇಲಿನ ಅಂತಸ್ತಿನ ಕಡಿದಾದ ಮೆಟ್ಟಿಲು ಹತ್ತಬೇಕಿಲ್ಲ. ತಾಯಿಯವರಿಗೆ ಇದನ್ನು ಮೊದಲೇ ಹೇಳಿ, ಅವರು ನಿರಾಳವಾಗಿ ಹೊರಡುತ್ತಾರೆ.

ಇನ್ನು ಬಾಂತೇ ಸ್ರೇ. 967ರಲ್ಲಿ ಪ್ರತಿಷ್ಠೆಯಾದ, ಕೆಂಪುಗಲ್ಲಿನ, ಬೊಂಬೆಯಂಥ ಸಣ್ಣ ಶಿವಾಲಯ. ಊರಿನಿಂದ ಮೂವತ್ತೈದು ಕಿ.ಮೀ. ಆಚೆ ಇರುವುದರಿಂದ ಅವಸರದವರು ಬಿಟ್ಟುಬಿಡುತ್ತಾರೆ. ನಾವು ಐದೂವರೆಗೇ ಎದ್ದು ಹೊರಟು ಬಾಗಿಲು ತೆಗೆದ ಹೊತ್ತಿಗೆ ಅಲ್ಲಿದ್ದೆವು. ಪಶ್ಚಿಮದ ಗೋಪುರದ ಮೇಲೆ ವಾಲಿ ಸುಗ್ರೀವರು ಕಾದಾಡುತ್ತಿದ್ದಾರೆ, ಪಕ್ಕದಲ್ಲಿ ರಾಮ ಬಿಲ್ಲು ಹಿಡಿದು ನಿಂತಿದ್ದಾನೆ. ಕಿಷ್ಕಿಂಧೆ ಎಂದು ಕರೆಯುವ ಆನೆಗೊಂದಿಯಲ್ಲಿ, ಅಂಜನಾದ್ರಿಯನ್ನು ದಿನವೂ ನೋಡುತ್ತ ಬಾಳಿದವಳು ನನ್ನ ಅಕ್ಕ. ಅವಳು ಆ ಕಲ್ಲಿನ ಕೆಳಗೆ ಬಹಳ ಹೊತ್ತು ತಲೆಯೆತ್ತಿ ನಿಂತಿದ್ದು, "ಇವರಿಗೆ ನಮ್ಮ ಊರಿನ ಕಥೆ ಯಾರು ಹೇಳಿದರೇ?" ಎಂದು ಕೇಳಿದಳು. ಇಷ್ಟು ವರ್ಷ ಇತಿಹಾಸ ಕಲಿಸಿದ ನನಗೆ ಕೂಡಲೇ ಮಾತು ಬರಲಿಲ್ಲ. ನಾವು ಆ ದಿನ ವಿಮಾನ ಹಿಡಿಯುವ ಅವಸರದಲ್ಲಿ ಇದ್ದಿದ್ದರೆ ಆ ಪ್ರಶ್ನೆ ಅವಳ ಬಾಯಿಂದ ಬರುತ್ತಿರಲಿಲ್ಲ.

ಮುಂದಿನ ಹಂತದಲ್ಲಿ ನಮ್ಮ ದಾರಿಯನ್ನು ನೀವು ಅನುಸರಿಸುವಂತಿಲ್ಲ. ನಾವು ಬಸ್ಸಿನಲ್ಲಿ ಕಾಂಬೋಡಿಯ–ಥಾಯ್ಲೆಂಡ್ ನಡುವಿನ ಪೊಯ್‌ಪೆಟ್ ಗಡಿ ದಾಟಿ, ಅರಣ್ಯಪ್ರಥೇತ್‌ನಿಂದ ಮೂರನೆಯ ದರ್ಜೆಯ ರೈಲಿನಲ್ಲಿ ಐವತ್ತು ಬಾತ್‌ಗೂ ಕಡಿಮೆ ಹಣಕ್ಕೆ ಬ್ಯಾಂಕಾಕ್ ಸೇರಿದ್ದೆವು. 2025ರ ಜೂನ್‌ನಲ್ಲಿ ಆ ಭೂಗಡಿ ಮುಚ್ಚಿತು, ಜುಲೈನಲ್ಲಿಯೂ ಡಿಸೆಂಬರ್‌ನಲ್ಲಿಯೂ ಎರಡು ದೇಶಗಳ ಸೈನ್ಯಗಳ ನಡುವೆ ಕಾಳಗ ನಡೆಯಿತು. ಹಳೆಯ ಪ್ರವಾಸ ಬರಹಗಳಲ್ಲಿ ಈ ಬಸ್ಸನ್ನು ಹೊಗಳಿರುತ್ತಾರೆ. ಅದನ್ನು ನಂಬಿ ಯೋಜನೆ ಮಾಡಬೇಡಿ. ಸಿಯೆಮ್ ರೀಪ್‌ನಿಂದ ಬ್ಯಾಂಕಾಕ್‌ಗೆ ವಿಮಾನವೇ ಇರಲಿ, ಗಡಿಯ ಹತ್ತಿರದ ದೇಗುಲಗಳನ್ನು ಈ ಬಾರಿ ಬಿಡಿ.

ಬ್ಯಾಂಕಾಕ್‌ನಲ್ಲಿ ಮೂರು ರಾತ್ರಿ, ಅದೂ ಅಯುತ್ಥಾಯಕ್ಕಾಗಿ. ಎಂಬತ್ತು ಕಿ.ಮೀ. ದೂರ, ರೈಲಿನಲ್ಲಿ ಒಂದೂವರೆ ಗಂಟೆ. ಅಯೋಧ್ಯೆಯ ಹೆಸರು ಹೊತ್ತ ಈ ರಾಜಧಾನಿ 1767ರಲ್ಲಿ ಬರ್ಮಾ ಸೈನ್ಯಕ್ಕೆ ಸಿಕ್ಕಿ ಸುಟ್ಟುಹೋಯಿತು. 1565ರ ನಂತರದ ಹಂಪಿಯನ್ನು ಬಲ್ಲವರಿಗೆ ಅಲ್ಲಿನ ತಲೆಯಿಲ್ಲದ ಬುದ್ಧರ ಸಾಲು ಹೆಚ್ಚು ವಿವರಣೆ ಕೇಳುವುದಿಲ್ಲ.

ಯೋಗ್ಯಕರ್ತಾಗೆ ನಡುವೆ ಕಡಲಿದೆ, ವಿಮಾನವೇ ಗತಿ. ಇಲ್ಲಿ ನಾವು ಪೆಟ್ಟು ತಿಂದೆವು. ಅಗ್ಗವೆಂದು ಬ್ಯಾಂಕಾಕ್‌ನಿಂದ ಕ್ವಾಲಾಲಂಪುರಕ್ಕೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ತೆಗೆದಿದ್ದೆವು. ಮೊದಲನೆಯದು ಎರಡು ಗಂಟೆ ತಡವಾಗಿ, ಎರಡನೆಯದು ನಮ್ಮನ್ನು ಬಿಟ್ಟು ಹೊರಟಿತು. ಟಿಕೆಟ್‌ಗಳು ಬೇರೆ ಬೇರೆಯಾದ್ದರಿಂದ ಯಾರೂ ಹೊಣೆ ಹೊರಲಿಲ್ಲ. ಮೂವರಿಗೂ ಹೊಸ ಟಿಕೆಟ್ ಕೊಂಡೆವು, ಅಕ್ಕ ರಾತ್ರಿಯಿಡೀ ಕಬ್ಬಿಣದ ಕುರ್ಚಿಯಲ್ಲಿ ಕುಳಿತಳು. ನೀವು ಕಡೆಯವರೆಗೂ ಒಂದೇ ಟಿಕೆಟ್ ಇರುವಂತೆ ನೋಡಿಕೊಳ್ಳಿ, ಸ್ವಲ್ಪ ಹೆಚ್ಚು ಹಣವಾದರೂ ಸರಿ.

ಯೋಗ್ಯಕರ್ತಾ ಇರುವ ಜಾವಾ ದ್ವೀಪದಲ್ಲಿ ಜನವರಿ, ಫೆಬ್ರುವರಿ ಮಳೆಗಾಲ. ಸುರಿಯುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಹಾಗಾಗಿ ಅಲ್ಲಿಯೂ ಬೆಳಗೇ ನಮ್ಮದು. ಬೊರೊಬುದೂರ್ ಸ್ತೂಪದ ಮೇಲೆ ಹತ್ತಲು ಪ್ರತ್ಯೇಕ ಟಿಕೆಟ್ ಇದೆ, ನಾವು ಹೋದಾಗ ದಿನಕ್ಕೆ 1,200 ಜನರಿಗೆ ಮಾತ್ರ ಅವಕಾಶವಿತ್ತು. ಮೊದಲೇ ಕಾಯ್ದಿರಿಸಿ. ಪ್ರಂಬಾನನ್ ದೇಗುಲಗಳು ಯೋಗ್ಯಕರ್ತಾದಿಂದ ಹದಿನೇಳು ಕಿ.ಮೀ.; ಅಲ್ಲಿನ ಶಿವಾಲಯ 47 ಮೀಟರ್ ಎತ್ತರ, ಸುತ್ತುಗೋಡೆಯಲ್ಲಿ ರಾಮಾಯಣ. ಎರಡಕ್ಕೂ ಒಂದೊಂದು ದಿನ ಕಾರು ಮಾಡಿಕೊಂಡರೆ ಸಾಕು.

ಕಾಯ್ದಿರಿಸುವ ಕ್ರಮ ಹೀಗಿರಲಿ. ಮೊದಲು ಬೆಂಗಳೂರಿನಿಂದ ಹನೋಯ್‌ಗೆ ಹೋಗಿ ಯೋಗ್ಯಕರ್ತಾದಿಂದ ಮರಳುವ 'ಮಲ್ಟಿ ಸಿಟಿ' ಟಿಕೆಟ್ ತೆಗೆಯಿರಿ; ಹೋದ ಊರಿಗೇ ವಾಪಸ್ ಬಂದು ವಿಮಾನ ಹತ್ತುವ ಯೋಜನೆ ಎರಡು ದಿನ ನುಂಗುತ್ತದೆ. ನಂತರ ಹನೋಯ್–ಹ್ಯೂ ಕೆಳಬರ್ತ್, ಆಮೇಲೆ ನಡುವಿನ ಮೂರು ವಿಮಾನ. ಬಸ್ಸುಗಳನ್ನು ಅಲ್ಲಿಗೆ ಹೋದ ಮೇಲೆ, ಒಂದೆರಡು ದಿನ ಮೊದಲು ಹೋಟೆಲಿನವರ ಮೂಲಕ ಕಾಯ್ದಿರಿಸಿದರೆ ಆಯಿತು. ಬಸ್ಸು ನಿಲ್ಲುವ ಢಾಬಾಗಳಲ್ಲಿ ಸಸ್ಯಾಹಾರ ಸಿಗುವುದು ಕಷ್ಟ, ಆದ್ದರಿಂದ ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಮೂವರಿಗೂ ಆಗುವಷ್ಟು ಕಟ್ಟಿಕೊಳ್ಳಿ. ನಮ್ಮ ರೊಟ್ಟಿ ಇಪ್ಪತ್ತನೆಯ ದಿನಕ್ಕೂ ಕೆಟ್ಟಿರಲಿಲ್ಲ. 2027ರಲ್ಲಿ ವಿಯೆಟ್ನಾಮ್‌ನ ಹೊಸ ವರ್ಷ ತೇತ್ ಫೆಬ್ರುವರಿ 6ಕ್ಕೆ ಬೀಳುತ್ತದೆ. ಅದಕ್ಕೆ ಒಂದು ವಾರ ಮೊದಲಿನಿಂದಲೇ ಅಲ್ಲಿನವರೆಲ್ಲ ಊರಿಗೆ ಹೊರಟು ರೈಲಿನಲ್ಲಿ ಜಾಗ ಸಿಗುವುದಿಲ್ಲ. ಜನವರಿ 25ರೊಳಗೆ ನೀವು ಕಾಂಬೋಡಿಯದಲ್ಲಿ ಇರುವಂತೆ ದಿನಾಂಕ ಹಾಕಿಕೊಳ್ಳಿ.