ಹೈವೇ ಬೇಗ ಹಾಳಾಗೋದಕ್ಕೆ ಕಾರುಗಳು ಜಾಸ್ತಿ ಆಗಿದ್ದು ಕಾರಣನಾ, ಲಾರಿಗಳಾ?

ಲಾರಿಗಳೇ, ಅದರಲ್ಲೂ ಓವರ್‌ಲೋಡ್ ಆದವು. ಕಾರಿನ ಪಾತ್ರ ಇಲ್ಲಿ ಲೆಕ್ಕಕ್ಕೇ ಇಲ್ಲ ಅನ್ನಬಹುದು.

ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಹತ್ರ 1958ರಿಂದ 1960ರವರೆಗೆ ಒಂದು ದೊಡ್ಡ ಪರೀಕ್ಷೆ ಮಾಡಿದ್ರು, ಬೇರೆ ಬೇರೆ ದಪ್ಪದ ಡಾಂಬರು, ಕಾಂಕ್ರೀಟ್ ರಸ್ತೆ ಹಾಕಿ ಅದರ ಮೇಲೆ ಸೈನಿಕರ ಕೈಲಿ ಲೋಡ್ ಲಾರಿ ಸುಮ್ನೆ ಸುತ್ತಿಸಿದ್ದು, ಸುಮಾರು 11 ಲಕ್ಷ ಆಕ್ಸಲ್ (ಎರಡೂ ಬದಿಯ ಚಕ್ರಗಳನ್ನ ಜೋಡಿಸೋ ಅಡ್ಡ ದಂಡ) ಹಾದುಹೋಗೋವರೆಗೂ. ಅದರಿಂದ ಗೊತ್ತಾಗಿದ್ದು ಏನಂದ್ರೆ, ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದ್ರೆ ರಸ್ತೆಗೆ ಆಗೋ ಡ್ಯಾಮೇಜ್ ಎರಡಲ್ಲ, ಸುಮಾರು 16 ಪಟ್ಟು! ಇದನ್ನ ನಾಲ್ಕನೇ ಘಾತದ ನಿಯಮ ಅಂತಾರೆ, ಅಂದ್ರೆ 2×2×2×2 = 16. ಆ ಲೆಕ್ಕದಲ್ಲಿ ಫುಲ್ ಲೋಡ್ ಲಾರಿಯ ಒಂದು ಆಕ್ಸಲ್ಲು ಕಾರಿನ ಆಕ್ಸಲ್‌ಗಿಂತ ಹತ್ತು ಸಾವಿರ ಪಟ್ಟಿಗೂ ಜಾಸ್ತಿ ಹಾಳು ಮಾಡುತ್ತೆ.

ನಮ್ಮಲ್ಲಿ 2018ರಲ್ಲಿ ನಾಲ್ಕು ಟಯರಿನ ಸಿಂಗಲ್ ಆಕ್ಸಲ್ ಮಿತಿನ 10.2 ಟನ್‌ನಿಂದ 11.5ಕ್ಕೆ ಏರಿಸಿದ್ರು. ಕೇಳೋಕೆ ಸ್ವಲ್ಪ ಅನ್ಸುತ್ತೆ, ಆದ್ರೆ ಡ್ಯಾಮೇಜ್ ಸುಮಾರು 60% ಜಾಸ್ತಿ. ಅದೂ ಕಾನೂನಿನ ಒಳಗೇ! ಸಂಡೂರು, ಹೊಸಪೇಟೆ ಕಡೆ ಅದಿರಿನ ಲಾರಿಗಳು ರಸ್ತೆಗಳನ್ನ ಏನು ಮಾಡಿದ್ವು ಅಂತ ಆ ಭಾಗದವರನ್ನ ಕೇಳಿ.

ಇದು ಬರೀ ದುಡ್ಡಿನ ವಿಷಯ ಅಲ್ಲ ಸ್ವಾಮಿ. ಚಕ್ರ ಓಡೋ ಜಾಗ ತಗ್ಗಾಗಿ ಮಳೆ ನೀರು ನಿಂತ್ರೆ, ಸ್ಪೀಡಲ್ಲಿ ಬಂದ ಕಾರಿನ ಟಯರು ನೀರಿನ ಮೇಲೇ ತೇಲಿ ಸ್ಟೀರಿಂಗು ಬ್ರೇಕು ಎರಡೂ ಕೈಕೊಡುತ್ತೆ, ಬೈಕಿನವರಂತೂ ಆ ತಗ್ಗಿನ ಅಂಚಿಗೆ ಸಿಕ್ಕಿ ಬೀಳ್ತಾರೆ. ಅದಕ್ಕೇ ಟೋಲ್‌ನಲ್ಲಿ ತೂಕದ ಯಂತ್ರ ಇದ್ರೆ ಸಾಲದು, ಹೆಚ್ಚಿನ ಲೋಡನ್ನ ಅಲ್ಲೇ ಇಳಿಸಬೇಕು, ಬರೀ ದಂಡ ಕಟ್ಟಿಸಿ ಮುಂದಕ್ಕೆ ಬಿಡಬಾರದು.