ವಿಪಿಎನ್ ಇದ್ದಮೇಲೂ ಝೀರೋ ಟ್ರಸ್ಟ್ ಬೇಕಾ?

ಹದಿನೈದು ಜನರ ಆಡಿಟ್ ಆಫೀಸು, ಎಲ್ಲರಿಗೂ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ದಾರಿ) ಇದೆ, ಗ್ರಾಹಕರ ಪ್ಯಾನ್, ಆಧಾರ್ ಪ್ರತಿಗಳು ಒಂದೇ ಶೇರ್ಡ್ ಫೋಲ್ಡರ್‌ನಲ್ಲಿವೆ, ಇನ್ನು ಝೀರೋ ಟ್ರಸ್ಟ್, ಅಂದರೆ ಒಳಗಿದ್ದವರನ್ನೂ ಸುಮ್ನೆ ನಂಬದೆ ಪ್ರತಿ ಸಲ ಪರೀಕ್ಷಿಸುವ ಪದ್ಧತಿ, ಯಾಕೆ ಬೇಕು ಅಂತ ಕೇಳಿದ್ದೀರಿ.

ತೊಂದರೆ ಇರುವುದು ಆ ಫೋಲ್ಡರ್‌ನಲ್ಲೇ. ವಿಪಿಎನ್ ಹೆಬ್ಬಾಗಿಲಿನ ಬೀಗ ಅಷ್ಟೇ. ಒಬ್ಬರ ಪಾಸ್‌ವರ್ಡ್ ಕದ್ದವನು ಒಳಗೆ ಬಂದರೆ ಅಡುಗೆಮನೆಯಿಂದ ತಿಜೋರಿವರೆಗೆ ಎಲ್ಲ ತೆರೆದೇ ಇರುತ್ತದೆ. ಗೂಗಲ್ ಕೂಡ 2009ರಲ್ಲಿ ತನ್ನ ಮೇಲೆ ನಡೆದ ಸೈಬರ್ ದಾಳಿಯ ನಂತರವೇ ದಾರಿ ಬದಲಿಸಿದ್ದು. ಅವರ 'ಬಿಯಾಂಡ್‌ಕಾರ್ಪ್' ವ್ಯವಸ್ಥೆಯಲ್ಲಿ ಆಫೀಸಿನೊಳಗೆ ಕೂತವರಿಗೂ ರಿಯಾಯಿತಿ ಇಲ್ಲ. ಯಾರು, ಯಾವ ಲ್ಯಾಪ್‌ಟಾಪ್‌ನಿಂದ ಕೇಳುತ್ತಿದ್ದಾರೆ ಅಂತ ನೋಡಿಯೇ ಒಳಗೆ ಬಿಡುತ್ತಾರೆ.

ಸುಮ್ನೆ ದುಬಾರಿ ಸಾಫ್ಟ್‌ವೇರ್ ಕೊಳ್ಳಬೇಡಿ. ಮೊದಲು ಫೋಲ್ಡರ್ ಒಡೆಯಿರಿ. ಜಿಎಸ್‌ಟಿ ನೋಡುವವರಿಗೆ ಅವರ ಗ್ರಾಹಕರದ್ದು ಮಾತ್ರ ಕಾಣಲಿ. ಎರಡು ಹಂತದ ಲಾಗಿನ್ ಎಲ್ಲರಿಗೂ ಇರಲಿ, ಬಾಸ್‌ಗೂ (ಅವರೇ ಜಾಸ್ತಿ ಗೊಣಗುವುದು!). ಓಟಿಪಿಗಿಂತ ಪಾಸ್‌ಕೀ (ಬೆರಳಚ್ಚು ಅಥವಾ ಪಿನ್‌ನಿಂದ ತೆರೆಯುವ ಡಿಜಿಟಲ್ ಕೀಲಿ) ವಾಸಿ. ಓಟಿಪಿಯನ್ನು ಅವಸರದಲ್ಲಿ ನಕಲಿ ಪುಟದಲ್ಲೂ ಟೈಪ್ ಮಾಡಿಬಿಡುತ್ತೇವೆ, ಪಾಸ್‌ಕೀ ಅಲ್ಲಿ ಕೆಲಸವೇ ಮಾಡುವುದಿಲ್ಲ.

ಹಾಗೇ ಲಾಗಿನ್ ಪಟ್ಟಿ ತೆಗೆದು ನೋಡಿ. ನಮ್ಮಲ್ಲಿ ತೆಗೆದಾಗ, ಕೆಲಸ ಬಿಟ್ಟು ಎಂಟು ತಿಂಗಳಾದವರ ಲಾಗಿನ್ ಇನ್ನೂ ನಡೆಯುತ್ತಿತ್ತು! ಆಧಾರ್‌ಗೆ ಮಾಸ್ಕ್ ಮಾಡಿದ ಪ್ರತಿ ಸಾಕಾಗುವ ಕಡೆ ಅದನ್ನೇ ಇಡಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ.